ಬೆಳ್ಳಿ ಚೊಂಬಿನ ಬಾಡಿಗೆದಾರ

ಅರ್ಧ ಗಲ್ಲ ಬೋಳಿಸಿ, ಇನ್ನರ್ಧ ಗಲ್ಲದ ಮೇಲೆ ನೊರೆ ಇರುವಾಗಲೇ ಉಗ್ರಪ್ಪನವರು ಬಚ್ಚಲುಮನೆಯಿಂದ ಹೊರಗೆ ಬಂದು ಘೋಷಿಸಿಬಿಟ್ಟರು: "ಈ ಸಲ ಗಂಗಮ್ಮನ ಪೂಜೆಗೆ ನೀರು ಎಲ್ಲಿಂದ ಬರತ್ತೆ ಗೊತ್ತೇನೇ ವಿಮ್ಲಾ? ಅಂಡಮಾನಿಂದ! ನಮ್ ಮಲ್ಲತ್ತಹಳ್ಳೀಲಿ ಹುಟ್ಟಿದ ಒಬ್ಬನೇ ಒಬ್ಬ ಗಂಡ್ಸು ಈ ಕೆಲ್ಸ ಮಾಡಿಲ್ಲ. ನಾನು ಮಾಡ್ತೀನಿ!"

ಅಡುಗೆಮನೆಯಲ್ಲಿ ಹಿತುಕಿದ ಬೇಳೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ವಿಮಲಮ್ಮ ತಿರುಗಿಯೂ ನೋಡಲಿಲ್ಲ.

"ಮೊದ್ಲು ಕಿವಿ ಹತ್ರ ಇರೋ ನೊರೆ ಒರೆಸ್ಕೊಳಿ. ಅಂಡಮಾನ್ ಆಮೇಲೆ ನೋಡೋಣ."

ಉಗ್ರಪ್ಪನವರ ಮನೆಯಲ್ಲಿ ಸಂಕ್ರಾಂತಿ ಕಳೆದ ಎರಡನೇ ಮಂಗಳವಾರ ಗಂಗಮ್ಮನ ಪೂಜೆ. ಹಿಂದೆ ಮನೆಮಂದಿಯೆಲ್ಲ ಕೆರೆ ದಡಕ್ಕೆ ಹೋಗಿ, ಗಂಗೆಗೆ ಅರಿಶಿನ ಕುಂಕುಮ ಕೊಟ್ಟು, ಬೆಳ್ಳಿ ಚೊಂಬಿನಲ್ಲಿ ನೀರು ತುಂಬಿಕೊಂಡು ಬಂದು ಕಳಸ ಕೂರಿಸುತ್ತಿದ್ದರು. ಆಮೇಲೆ ಕೆರೆಗೆ ಬೇಲಿ ಬಂತು, ಸುತ್ತ ವಾಕಿಂಗ್ ಟ್ರ್ಯಾಕ್ ಬಂತು, 'ನೀರಿಗೆ ಇಳಿಯಬಾರದು' ಎಂಬ ಬೋರ್ಡ್ ಬಂತು. ಗಂಗಮ್ಮ ಬೋರ್‌ವೆಲ್‌ನಿಂದ ಬರತೊಡಗಿದಳು. ಒಂದು ವರ್ಷ ಮೋಟರ್ ಸುಟ್ಟುಹೋಗಿ, ಹಾರನ್ ಹೊಡೆಯುತ್ತಾ ಟ್ಯಾಂಕರ್‌ನಲ್ಲೂ ಬಂದಳು! ಆ ಅವಮಾನ ಉಗ್ರಪ್ಪನವರ ಎದೆಯಲ್ಲಿ ಹಾಗೇ ಉಳಿದುಕೊಂಡಿತ್ತು.

ಈಗ ಸೇಡು ತೀರಿಸಿಕೊಳ್ಳುವ ಕಾಲ ಬಂದಿತ್ತು. ಅಪ್ಪ ಅಮ್ಮನ ಮೂವತ್ತೈದನೇ ಮದುವೆ ದಿನಕ್ಕೆಂದು ಮಗಳು ಕವನಾ ನಾಲ್ಕು ದಿನದ ಅಂಡಮಾನ್ ಪ್ರವಾಸಕ್ಕೆ ಟಿಕೆಟ್ ಮಾಡಿಸಿದ್ದಳು. ಮೂರನೇ ದಿನ, ಅಂದರೆ ಶನಿವಾರ, ಒಂದು ಸಂರಕ್ಷಿತ ದ್ವೀಪಕ್ಕೆ ಭೇಟಿ. ಅಲ್ಲಿ ಮನೆಗಳಿಲ್ಲ, ಹೋಟೆಲ್ ಇಲ್ಲ, ಅರಣ್ಯ ಇಲಾಖೆಯ ಪರ್ಮಿಟ್ ಇಲ್ಲದೆ ಒಂದು ಹೆಜ್ಜೆ ಇಡುವ ಹಾಗಿಲ್ಲ, ದಿನಕ್ಕೆ ಹನ್ನೆರಡೇ ಜನ!

"ಯಾವನೂ ಕೈ ಅದ್ದದೇ ಇರೋ ನೀರು ಕಣೇ," ಎಂದು ಉಗ್ರಪ್ಪನವರು ಎದೆಯುಬ್ಬಿಸಿದರು. "ಎಲ್ಲಾ ಗಂಗೇನೂ ಕೊನೆಗೆ ಹೋಗಿ ಸೇರೋದು ಎಲ್ಲಿಗೆ? ಸಮುದ್ರಕ್ಕೆ. ಅಲ್ಲಿಗೇ ಚೊಂಬು ತಗೊಂಡು ಹೋಗಿ ಪೂಜೆ ಮಾಡಿ, ಡೈರೆಕ್ಟಾಗಿ ತುಂಬಿಸ್ಕೊಂಡು ಬರ್ತೀನಿ."

"ಚೊಂಬು ಅಂದ್ರೆ? ಅವ್ವನ ಬೆಳ್ಳಿ ಚೊಂಬಾ?" ಒಗ್ಗರಣೆ ಸೌಟು ಗಾಳಿಯಲ್ಲೇ ನಿಂತಿತು. "ಅವ್ವನ್ನ ಕೇಳಿದ್ದೀರಾ?"

"ಕೇಳಿದ್ದೀನಿ ಕಣೇ. ಕೇಳ್ದೆ ಇರ್ತೀನಾ?"

ಕೇಳಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಆ ಚೊಂಬು ಅವರ ತಾಯಿ ಚಿಕ್ಕಗಂಗಮ್ಮ ಅರವತ್ತು ವರ್ಷದ ಹಿಂದೆ ತವರಿನಿಂದ ತಂದದ್ದು. ಮುಷ್ಟಿಗಿಂತ ಒಂದಿಷ್ಟು ದೊಡ್ಡದು, ಗಿಡ್ಡ ಕತ್ತು, ಹೊಟ್ಟೆಯ ಮೇಲೆ ಒಂದು ನೆಗ್ಗು. ವರ್ಷವಿಡೀ ಹಳದಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಪೂಜೆಯ ಹಿಂದಿನ ಸೋಮವಾರ ಬೆಳಿಗ್ಗೆ ತಾವೇ ಕೈಯಾರೆ ತೆಗೆದು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದರು. ಎಂಬತ್ತೆರಡು ವರ್ಷದ ಆ ಮುದುಕಿ ಮನೆ, ಸೈಟು, ತೋಟ ಎಲ್ಲವನ್ನೂ ಮಗನ ಕೈಗೆ ಕೊಟ್ಟಿದ್ದರು. ಆ ಟ್ರಂಕಿನ ಬೀಗದ ಕೈ ಮಾತ್ರ ಕೊಟ್ಟಿರಲಿಲ್ಲ. ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ದಿಂಬಿನ ಕೆಳಗಿನ ಬೀಗದ ಕೈ ಎತ್ತಿ, ಐವತ್ತೆಂಟು ವಯಸ್ಸಿನ ಉಗ್ರಪ್ಪನವರು ಹೆತ್ತ ತಾಯಿಯ ಟ್ರಂಕಿಗೆ ಕನ್ನ ಹಾಕಿದರು. ಹಳದಿ ಬಟ್ಟೆಯೊಳಗೆ ಚೊಂಬಿನ ಜಾಗದಲ್ಲಿ ಒಂದು ಸ್ಟೀಲ್ ಲೋಟ ಸುತ್ತಿಟ್ಟರು. ಭಾನುವಾರ ಸಂಜೆ ವಾಪಸು, ಸೋಮವಾರ ಬೆಳಿಗ್ಗೆಯೊಳಗೆ ಚೊಂಬು ಟ್ರಂಕಿನೊಳಗೆ. ಯಾರಿಗೂ ತಿಳಿಯುವುದಿಲ್ಲ. ಗಂಗೆ ಬಂದಳೆಂದು ಹೇಳುವಾಗ ಮುಖ್ಯವಾದದ್ದು ನೀರು, ಪಾತ್ರೆಯ ಪ್ರವಾಸಕಥನವನ್ನು ಯಾರು ಕೇಳುತ್ತಾರೆ!

ಶನಿವಾರ ಮಧ್ಯಾಹ್ನದ ಹೊತ್ತಿಗೆ ದೋಣಿ ದ್ವೀಪಕ್ಕೆ ತಾಗಿತು. ಹಾಲಿನಂತೆ ಬೆಳ್ಳಗಿನ ಮರಳು, ನೀರಿನವರೆಗೂ ಬಾಗಿ ನಿಂತ ಮರಗಳು, ಕೆಳಗಿನ ಮೀನು ಕಾಣುವಷ್ಟು ತಿಳಿಯಾದ ನೀರು. ಉಗ್ರಪ್ಪನವರು ಐದು ನಿಮಿಷ ಮಾತೇ ಆಡಲಿಲ್ಲ. ವಿಮಲಮ್ಮ ಗಾಬರಿಯಾಗಿ, "ಸುಸ್ತಾಗ್ತಿದೆಯೇನ್ರೀ?" ಎಂದು ಹಣೆ ಮುಟ್ಟಿ ನೋಡಿದರು.

ದಡದಲ್ಲಿ ತಲೆಗೆ ಟೋಪಿ, ಕೈಯಲ್ಲಿ ರಟ್ಟಿನ ಪ್ಯಾಡು ಹಿಡಿದ ಹುಡುಗಿಯೊಬ್ಬಳು ನಿಂತಿದ್ದಳು. ಏಡಿಗಳ ಮೇಲೆ ಸಂಶೋಧನೆ ಮಾಡುತ್ತಾ ದ್ವೀಪದಲ್ಲೇ ಗುಡಿಸಲು ಹಾಕಿಕೊಂಡಿದ್ದವಳು. ಬಂದವರನ್ನು ಸುತ್ತಾಡಿಸುವ, ಕಾಯುವ, ಗದರುವ ಕೆಲಸವೂ ಅವಳದೇ. ಹಿಂದಿಯಲ್ಲಿ ಇಂಗ್ಲಿಷಿನಲ್ಲಿ ನಿಯಮ ಹೇಳತೊಡಗಿದಳು. ಉಗ್ರಪ್ಪನವರು ಹೆಂಡತಿಯ ಪಕ್ಕೆ ತಿವಿದು, "ಏನಂತೆ ಕಣೇ?" ಎಂದದ್ದೇ ತಡ, ಆ ಹುಡುಗಿಯ ಮುಖ ಅರಳಿತು.

"ಅಂಕಲ್, ನೀವು ಬೆಂಗಳೂರಾ?"

"ಮಲ್ಲತ್ತಹಳ್ಳಿ!"

"ಅಯ್ಯೋ! ನಮ್ದು ಬಸವೇಶ್ವರನಗರ! ನಾನು ಶಿವಾನಿ ಅಂತ."

ಸಮುದ್ರದ ನಡುವೆ ನಾಗರಭಾವಿ ರಿಂಗ್ ರೋಡೇ ಎದುರು ಬಂದಷ್ಟು ಸಂತೋಷವಾಯಿತು ಉಗ್ರಪ್ಪನವರಿಗೆ. ನಮ್ಮ ಏರಿಯಾ ಹುಡುಗಿ! ಇನ್ನು ಅರ್ಧ ನಿಯಮ ತನಗಿಲ್ಲವೆಂದು ಅಲ್ಲೇ ತೀರ್ಮಾನಿಸಿಬಿಟ್ಟರು.

ಶಿವಾನಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದಳು: "ಇಲ್ಲಿಂದ ಏನೂ ತಗೊಂಡು ಹೋಗೋ ಹಾಗಿಲ್ಲ. ಕಪ್ಪೆಚಿಪ್ಪು, ಹವಳದ ಚೂರು, ಮರಳು, ನೀರು, ಏನೂ. ಹೊರಗಿಂದ ತಂದಿದ್ದು ಏನೂ ಇಲ್ಲಿ ಬಿಡೋ ಹಾಗೂ ಇಲ್ಲ. ತಿಂಡಿ ಹಣ್ಣು ಇದ್ರೆ ದೋಣೀಲೇ ಬಿಡಿ."

"ನೀರು ಕೂಡನಾ? ಇಷ್ಟೊಂದು ಇದೆಯಲ್ಲಮ್ಮ!"

"ನೀರು ಕೂಡ, ಅಂಕಲ್. ಅದೇನು ಜೇಬಲ್ಲಿ ದಪ್ಪಗೆ?"

ಅತ್ತಿಗುಪ್ಪೆಯಲ್ಲಿ ಈ ಪ್ರವಾಸಕ್ಕೆಂದೇ ಕೊಂಡ ಅವರ ಚಡ್ಡಿಗೆ ಎಂಟು ಜೇಬು. ತೊಡೆಯ ಮೇಲಿನ ಜೇಬಿನಲ್ಲಿ ಚೊಂಬು, ಚೊಂಬಿನೊಳಗೆ ಎರಡು ಏಲಕ್ಕಿ ಬಾಳೆಹಣ್ಣು, ಒಂದು ತುಂಡು ಬೆಲ್ಲ, ಒಂದು ಚಿಟಿಕೆ ಕುಂಕುಮದ ಪೊಟ್ಟಣ.

"ಶುಗರ್ ಮಾತ್ರೆ ಡಬ್ಬ," ಎಂದರು ಉಗ್ರಪ್ಪನವರು. ವಿಮಲಮ್ಮ ಸಮುದ್ರದ ಕಡೆ ಮುಖ ತಿರುಗಿಸಿಕೊಂಡರು.

ಅರ್ಧ ಗಂಟೆಯ ಬಳಿಕ, ಎಲ್ಲರೂ ಮರದ ಮೇಲಿನ ಯಾವುದೋ ಪಾರಿವಾಳ ನೋಡುತ್ತಿರುವಾಗ ಉಗ್ರಪ್ಪನವರು ನಿಧಾನಕ್ಕೆ ಹಿಂದೆ ಸರಿದು, ಕೇದಗೆ ಪೊದೆಯ ಮರೆಗೆ ಬಂದು ನೀರಿನ ಅಂಚಿಗೆ ಇಳಿದರು. ಅಲೆ ತಾಗದಷ್ಟು ದೂರದಲ್ಲಿ ಚೊಂಬನ್ನು ಇಟ್ಟು ಕುಂಕುಮ ಹಚ್ಚಿದರು. ಬಾಳೆಹಣ್ಣು ಸುಲಿದು ಬೆಲ್ಲದ ಜೊತೆ ಚೊಂಬಿನೊಳಗೇ ನೈವೇದ್ಯ ಮಾಡಿದರು. ಕಣ್ಣು ಮುಚ್ಚಿದರು. "ತಾಯಿ ಗಂಗಮ್ಮ, ಬಾರಮ್ಮ" ಎಂದು ಶುರುಮಾಡಿದವರು ಕವನಾಳ ಮದುವೆ, ಮಂಡಿನೋವು, ಪಕ್ಕದ ಸೈಟಿನ ಕೋರ್ಟ್ ಕೇಸು ಎಲ್ಲವನ್ನೂ ಒಂದೊಂದಾಗಿ ಒಪ್ಪಿಸುತ್ತಾ ಹೋದರು.

ಪೀ ಎಂದು ಸೀಟಿ ಕೇಳಿತು! "ಹನ್ನೊಂದೇ ಜನ ಇದ್ದೀರಾ! ಅಂಕಲ್! ಮಲ್ಲತ್ತಹಳ್ಳಿ ಅಂಕಲ್!"

ಉಗ್ರಪ್ಪನವರು ಬೆಚ್ಚಿಬಿದ್ದು, ಬಾಳೆಸಿಪ್ಪೆ ಜೇಬಿಗೆ ತುರುಕಿ, ಚೊಂಬಿನ ಮೇಲೆ ಒಣಗಿದ ಎಲೆಯೊಂದನ್ನು ಮುಚ್ಚಿ ಓಡಿದರು. ಐದು ನಿಮಿಷದಲ್ಲಿ ಬಂದು ನೀರು ತುಂಬಿಕೊಂಡರಾಯಿತು ಎಂದುಕೊಂಡರು. ಆದರೆ ಶಿವಾನಿ ಆಮೆ ಮೊಟ್ಟೆಯಿಡುವ ಜಾಗ ತೋರಿಸಿದಳು. ಬುಡಮೇಲಾಗಿ ಬಿದ್ದ ಮರ ತೋರಿಸಿ, ಅದನ್ನು ಯಾಕೆ ಎತ್ತುವುದಿಲ್ಲವೆಂದು ಕಾಲು ಗಂಟೆ ವಿವರಿಸಿದಳು. ಉಗ್ರಪ್ಪನವರು ಹೊರಟಾಗಲೆಲ್ಲ, "ಅಂಕಲ್, ಜೊತೇಲೇ ಇರಿ," ಎಂದು ತಡೆದಳು. ಕೊನೆಗೆ ಕಿರುಬೆರಳು ಎತ್ತಿ ತೋರಿಸಿ ಅವರು ಬಿಡುಗಡೆ ಪಡೆಯುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು.

ಎಲೆ ಇತ್ತು. ಚೊಂಬು ಇರಲಿಲ್ಲ.

ಉಗ್ರಪ್ಪನವರ ಕಾಲಿನ ಕೆಳಗಿನ ಮರಳೇ ಜಾರಿದಂತಾಯಿತು. ಮನೆಗಳಿಲ್ಲದ, ಮನುಷ್ಯರಿಲ್ಲದ ದ್ವೀಪದಲ್ಲಿ ಕಳ್ಳ ಎಲ್ಲಿಂದ ಬಂದ? ಅಲೆ ಎಳೆದುಕೊಂಡು ಹೋಯಿತೇ? ಮಂಡಿಯವರೆಗೆ ನೀರಿಗಿಳಿದು ತಡಕಾಡಿದರು. ಹಿಂದಿರುಗಿ ನೋಡಿದಾಗ ಇಪ್ಪತ್ತು ಹೆಜ್ಜೆ ಆಚೆ, ಕಾಡಿನ ಕಡೆಗೆ ಏರುವ ಮರಳ ದಿಬ್ಬದ ಮೇಲೆ, ಬಿಸಿಲಿಗೆ ಥಳಥಳ ಹೊಳೆಯುತ್ತಾ ಅವ್ವನ ಬೆಳ್ಳಿ ಚೊಂಬು ನಡೆದುಕೊಂಡು ಹೋಗುತ್ತಿತ್ತು.

ಕಣ್ಣುಜ್ಜಿಕೊಂಡರು. ನಿಂತಿತು. ಮತ್ತೆ ನಡೆಯಿತು.

"ವಿಮ್ಲಾ! ಲೇ ವಿಮ್ಲಾ! ಚೊಂಬು ಹೋಗ್ತಾ ಇದೆ ಕಣೇ!"

"ಎಲ್ಲಿಗ್ರೀ?" ಎನ್ನುತ್ತಾ ಓಡಿಬಂದರು ವಿಮಲಮ್ಮ.

"ನಂಗೇನ್ ಹೇಳಿ ಹೊರಟಿದ್ಯಾ!"

ಆ ಕೂಗಿಗೆ ಮರದ ಮೇಲಿನ ಪಾರಿವಾಳಗಳೂ ಹಾರಿಹೋದವು, ಪಾರಿವಾಳ ನೋಡುತ್ತಿದ್ದವರೂ ಓಡಿಬಂದರು. ಶಿವಾನಿ ಮಂಡಿಯೂರಿ ಕೂತು ಚೊಂಬಿನ ಬಾಯಿ ನೋಡಿದಳು. ಒಳಗಿನಿಂದ ನೇರಳೆ ಬಣ್ಣದ, ಇಕ್ಕಳದಂಥ ಒಂದು ದಪ್ಪ ಕೊಂಡಿ, ನಾಲ್ಕಾರು ಕಾಲು, ಕಡ್ಡಿ ತುದಿಯ ಎರಡು ಕಣ್ಣು ಹೊರಗೆ ಬಂದಿದ್ದವು. ಜನ ಕಂಡದ್ದೇ ಟಪ್ಪೆಂದು ಒಳಸೇರಿ, ಕೊಂಡಿಯನ್ನೇ ಬಾಗಿಲಾಗಿ ಅಡ್ಡ ಇಟ್ಟುಕೊಂಡಿತು.

"ಸನ್ಯಾಸಿ ಏಡಿ," ಎಂದಳು ಶಿವಾನಿ. "ಇದಕ್ಕೆ ಹಿಂಭಾಗದಲ್ಲಿ ಚಿಪ್ಪಿರಲ್ಲ, ಬರೀ ಮೆತ್ತಗಿನ ಮೈ. ಖಾಲಿ ಬಿದ್ದಿರೋ ಶಂಖ ಹುಡುಕಿ ಒಳಗೆ ಸೇರ್ಕೊಳತ್ತೆ. ಅಗೋ ನೋಡಿ, ಹಳೇ ಶಂಖ ಅಲ್ಲಿ ಬಿಟ್ಟು ಬಂದಿದೆ. ತೂತು ಬಿದ್ದಿದೆ."

"ಸನ್ಯಾಸಿ ಅಂತೀಯಲ್ಲಮ್ಮ, ಸನ್ಯಾಸಿಗೆ ಬೆಳ್ಳೀನೇ ಬೇಕಾ?"

"ಒಳಗೆ ಬಾಳೆಹಣ್ಣು ವಾಸನೆ ಬರ್ತಿದೆ, ಅಂಕಲ್." ಅವಳ ದನಿಯಲ್ಲಿ ಬಸವೇಶ್ವರನಗರದ ನೆಂಟಸ್ತನ ಒಂದಿಷ್ಟೂ ಉಳಿದಿರಲಿಲ್ಲ. "ಊಟ ಸಮೇತ ಮನೆ ಕೊಟ್ಟಿದ್ದೀರಿ. ಬರದೇ ಇರತ್ತಾ?"

"ಆಯ್ತು ತಪ್ಪಾಯ್ತು. ತಲೆಕೆಳಗೆ ಮಾಡಿ ಕೊಡವಿಬಿಡ್ತೀನಿ, ಬಿದ್ದೋಗತ್ತೆ."

"ಮುಟ್ಟಬೇಡಿ! ಎಳೆದ್ರೆ ಮೈ ಹರ್ಕೊಂಡು ಸಾಯತ್ತೆ ಹೊರತು ಮನೆ ಬಿಡಲ್ಲ."

"ಹಂಗಾದ್ರೆ ಅದರ ಸಮೇತ ತಗೊಂಡು ಹೋಗಿ ನಿಧಾನಕ್ಕೆ..."

"ನಿಧಾನಕ್ಕೆ ಜೈಲಿಗೆ ಹೋಗ್ತೀರಿ."

"ಇಲ್ಲೇ ಬಿಟ್ಟು ಹೋಗ್ಲಾ?"

"ಬಿಡೋ ಹಾಗಿಲ್ಲ. ಅದೂ ಕೇಸೇ."

"ತಗೊಂಡು ಹೋಗೋ ಹಾಗಿಲ್ಲ, ಬಿಟ್ಟು ಹೋಗೋ ಹಾಗಿಲ್ಲ, ಮುಟ್ಟೋ ಹಾಗೂ ಇಲ್ಲ! ಮತ್ತೇನಮ್ಮ ಮಾಡ್ಲಿ ನಾನು?"

"ಕಾಯ್ಬೇಕು. ಅದಾಗೇ ಖಾಲಿ ಮಾಡ್ಬೇಕು."

ಉಗ್ರಪ್ಪನವರು ಗಡಿಯಾರ ನೋಡಿದರು. ಒಂದೂವರೆ. ಇಳಿತಕ್ಕೆ ನೀರು ಹಿಂದೆ ಸರಿಯುವ ಮೊದಲು, ಮೂರು ಗಂಟೆಗೆ, ದೋಣಿ ಹೊರಡಬೇಕು. ಪರ್ಮಿಟ್ ಇವತ್ತಿಗಷ್ಟೇ. ನಾಳೆ ಬೆಳಿಗ್ಗೆ ವಿಮಾನ.

ವಿಮಲಮ್ಮ ಗಂಡನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ರೀ, ಅವ್ವಂಗೆ ಹೇಳಿ ತಂದಿದ್ದೀರಿ ತಾನೇ?"

ಉಗ್ರಪ್ಪನವರು ಕಾಲ್ಬೆರಳಿನಿಂದ ಮರಳು ಕೆದಕಿದರು.

"ಅಯ್ಯೋ ಶಿವನೇ! ಸೋಮವಾರ ಬೆಳಿಗ್ಗೆ ಟ್ರಂಕ್ ತೆಗೀತಾರಲ್ರೀ! ಆ ಚೊಂಬಿಗೋಸ್ಕರ ಅವ್ರು ಮಾವನವರ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ರು, ಒಂದು ನೆಗ್ಗು ಬೀಳಿಸಿದ್ರು ಅಂತ! ಇನ್ನು ಚೊಂಬೇ ಇಲ್ಲ ಅಂದ್ರೆ..."

"ಹೆದರಿಸ್ಬೇಡ್ವೇ, ನಾನೇ ಅರ್ಧ ಸತ್ತಿದ್ದೀನಿ."

ಸತ್ಯವಾಗಿಯೂ ಅವರಿಗೆ ಭಯವಾಗಿತ್ತು. ಬೈಗುಳದ ಭಯವಲ್ಲ. ಬೆಳಗಲೆಂದು ಹುಣಸೆಹಣ್ಣು ನೆನೆಹಾಕಿ ಕೂತು, ಹಳದಿ ಬಟ್ಟೆ ಬಿಚ್ಚಿ, ಸ್ಟೀಲ್ ಲೋಟ ಕಂಡಾಗ ಅವ್ವನ ಮುಖ ಹೇಗಾಗುತ್ತದೋ ಎಂಬ ಭಯ.

ಇಷ್ಟಾದರೂ ಒಂದು ಧೈರ್ಯ ಉಳಿದಿತ್ತು. ಯಾಕೆಂದರೆ ಖಾಲಿ ಮಾಡಿಸುವ ವಿದ್ಯೆಯಲ್ಲಿ ಉಗ್ರಪ್ಪನವರದು ಎತ್ತಿದ ಕೈ! ಅಪ್ಪನ ರಾಗಿಹೊಲದ ಮೇಲೆ ಅವರು ಎಬ್ಬಿಸಿದ ಮೂರು ಮಹಡಿಯಲ್ಲಿ ಆರು ಮನೆ, ಆರಕ್ಕೂ ಬಾಡಿಗೆದಾರರು. ಬೇಡವಾದವರನ್ನು ಕಳಿಸಲು ಅವರು ಎಂದೂ ಜಗಳವಾಡಿದವರಲ್ಲ. ಬೆಳಿಗ್ಗೆ ಆರೂವರೆಗೆ ಸರಿಯಾಗಿ ಮೋಟರ್ ಆಫ್ ಮಾಡುವುದು. ಕಿಟಕಿಯ ಕೆಳಗೆ ನಿಂತು ಫೋನಿನಲ್ಲಿ ಜೋರಾಗಿ, "ಹ್ಞೂಂ, ಆ ಮನೆ ಮುಂದಿನ ತಿಂಗಳು ಖಾಲಿಯಾಗತ್ತೆ" ಎನ್ನುವುದು. ಇಲ್ಲದ ತಂಗಿಯ ಇಲ್ಲದ ಮಗನಿಗೆ ಮದುವೆ ನಿಶ್ಚಯ ಮಾಡುವುದು. ಎಂಥ ಗಟ್ಟಿ ಆಸಾಮಿಯೂ ಮೂರೇ ವಾರಕ್ಕೆ ಟೆಂಪೋ ಕರೆಸುತ್ತಿದ್ದ.

ಉಗ್ರಪ್ಪನವರು ಚೊಂಬಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಗಂಟಲು ಸರಿಮಾಡಿಕೊಂಡರು. "ನೋಡಪ್ಪಾ. ಮನೆ ನಮ್ಗೆ ಬೇಕಾಗಿದೆ. ಮಂಗಳವಾರ ಫಂಕ್ಷನ್ ಇದೆ."

ಕೊಂಡಿ ಇನ್ನೊಂದಿಷ್ಟು ಒಳಗೆ ಹೋಯಿತು.

"ಅಂಕಲ್, ನಿಮ್ಮ ದನಿಗೆ ಅದು ಸಾಯಂಕಾಲದ ತನಕ ಹೊರಗೆ ಬರಲ್ಲ."

ವಿದ್ಯೆ ಕೈಕೊಟ್ಟಿತು. ಇನ್ನು ವಶೀಲಿ. "ಶಿವಾನಿ, ಬಸವೇಶ್ವರನಗರದಲ್ಲಿ ಎಲ್ಲಮ್ಮ ನಿಮ್ಮನೆ? ನಿಮ್ ತಂದೆ ಯಾರು? ನಂಗೆ ಆ ಕಡೆ ಎಲ್ಲಾ ಗೊತ್ತು. ಒಂದ್ ಮಾತು ಫೋನ್ ಮಾಡಿ ಹೇಳಿದ್ರೆ..."

"ಇಲ್ಲಿ ಸಿಗ್ನಲ್ ಇಲ್ಲ, ಅಂಕಲ್. ನಮ್ಮಪ್ಪ ರಿಟೈರ್ಡ್ ಹೆಡ್‌ಮೇಷ್ಟ್ರು. ನನಗಿಂತ ಸ್ಟ್ರಿಕ್ಟು."

ವಶೀಲಿಯೂ ಮುಗಿಯಿತು. ಉಗ್ರಪ್ಪನವರು ಟೋಪಿ ತೆಗೆದು ಮರಳಿನ ಮೇಲೆ ಕೂತುಬಿಟ್ಟರು. "ನಂಗೆ ಏನೂ ತೋಚ್ತಿಲ್ಲಮ್ಮ. ಅದು ನಮ್ಮವ್ವಂದು. ಕೇಳ್ದೇ ತಂದ್ಬಿಟ್ಟೆ."

ಶಿವಾನಿ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಗುಡಿಸಲಿಗೆ ಓಡಿ, ಅದೇ ದಡದಲ್ಲಿ ಸಂಶೋಧನೆಗೆಂದು ಆರಿಸಿಟ್ಟ ಖಾಲಿ ಶಂಖಗಳ ತಟ್ಟೆ ತಂದಳು. ದೊಡ್ಡವು ಮೂರನ್ನು ಆರಿಸಿ ಚೊಂಬಿನ ಮುಂದೆ ಸಾಲಾಗಿ ಜೋಡಿಸಿದಳು.

"ಇದಕ್ಕಿಂತ ಒಳ್ಳೇ ಮನೆ ಕಂಡ್ರೆ ಮಾತ್ರ ಇದು ಬಿಡತ್ತೆ. ಎಲ್ರೂ ದೂರ ಕೂತ್ಕೊಳಿ. ನೆರಳು ಬೀಳ್ಬಾರ್ದು. ಅಲ್ಲಾಡ್ಬಾರ್ದು. ಮುಖ್ಯವಾಗಿ ಅಂಕಲ್, ನೀವು ಮಾತಾಡ್ಬಾರ್ದು."

"ಎಷ್ಟು ಹೊತ್ತು?"

"ಮಾತಾಡ್ಬಾರ್ದು ಅಂದೆ."

ಮೊಬೈಲ್ ಇಲ್ಲದೆಯೂ ಮಲ್ಲತ್ತಹಳ್ಳಿಯಿಂದ ಕೆಂಗೇರಿ ಉಪನಗರಕ್ಕೆ ಮಾತು ಮುಟ್ಟಿಸಬಲ್ಲ ಉಗ್ರಪ್ಪನವರು ಬಾಯಿಗೆ ಟೋಪಿ ಒತ್ತಿಕೊಂಡು ಕೂತರು. ಹತ್ತು ನಿಮಿಷವಾಯಿತು. ಮೂಗಿನ ಮೇಲೆ ನೊಣ ಕೂತಿತು, ಓಡಿಸಲಿಲ್ಲ. ಕಾಲು ಜೋಮು ಹಿಡಿಯಿತು, ಮಡಿಸಲಿಲ್ಲ. ವಿಮಲಮ್ಮ ಪಕ್ಕದಲ್ಲಿ ಕೂತು ಅಲೆಯ ಸದ್ದು ಕೇಳುತ್ತಿದ್ದರು. ಅವರ ಮುಖದಲ್ಲಿ ಗಾಬರಿಯ ಜೊತೆಗೆ ಒಂದು ಬಗೆಯ ನೆಮ್ಮದಿಯೂ ಕಾಣುತ್ತಿತ್ತು. ಮೂವತ್ತೈದು ವರ್ಷಕ್ಕೆ ಇದೇ ಮೊದಲಲ್ಲವೇ!

ಎರಡು ಗಂಟೆಗೆ ಕಣ್ಣಿನ ಕಡ್ಡಿಗಳು ಹೊರಬಂದವು. ಆಮೇಲೆ ಕಾಲು. ಚೊಂಬು ಮೆಲ್ಲಗೆ ತೆವಳಿ ಮೊದಲ ಶಂಖದ ಹತ್ತಿರ ನಿಂತಿತು. ಏಡಿ ಕೊಂಡಿಯಿಂದ ಶಂಖದ ಬಾಗಿಲ ಅಗಲ ಅಳೆಯಿತು. ಒಳಗೆ ಕೈಹಾಕಿ ಗೋಡೆ ತಟ್ಟಿ ನೋಡಿತು. ಉರುಳಿಸಿ ಹಿಂಭಾಗ ನೋಡಿತು. ಬೇಡವೆಂದು ಮುಂದೆ ಹೋಯಿತು.

"ಚೆನ್ನಾಗಿತ್ತಲ್ಲೇ," ಎಂದು ಉಗ್ರಪ್ಪನವರು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು. "ಈಸ್ಟ್ ಫೇಸಿಂಗು."

"ಬಾಯ್ಮುಚ್ರೀ!"

ಎರಡನೆಯದನ್ನು ಇನ್ನೂ ಹೆಚ್ಚು ಹೊತ್ತು ನೋಡಿತು. ಕೊನೆಗೆ ಚೊಂಬಿನಿಂದ ಸರಕ್ಕನೆ ಹೊರಬಂತು! ಉಗ್ರಪ್ಪನವರು ಎದ್ದೇಬಿಡುವವರಿದ್ದರು, ವಿಮಲಮ್ಮ ಅಂಗಿ ಹಿಡಿದು ಕೂರಿಸಿದರು. ಆಗ ಕಂಡಿತು ಅದರ ಮೈ. ಮುಂದೆ ಅಷ್ಟು ದಪ್ಪ ಕೊಂಡಿ, ಹಿಂದೆ ಮಾತ್ರ ಹಸುಗೂಸಿನ ಬೆರಳಿನಂತೆ ಮೆತ್ತಗೆ, ಬೆಳ್ಳಗೆ, ಸುರುಟಿಕೊಂಡ ಬೆತ್ತಲೆ ಮೈ. ಎರಡನೇ ಶಂಖದೊಳಗೆ ಹಿಂದುಮುಂದಾಗಿ ಇಳಿಯಿತು. ಸರಿಹೋಗಲಿಲ್ಲ. ಹೊರಬಂದು, ಆ ಕಡೆ ಈ ಕಡೆ ನೋಡಿ, ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಿಹೋಗಿ ಮತ್ತೆ ಚೊಂಬಿನೊಳಗೇ ಸೇರಿ ಬಾಗಿಲು ಹಾಕಿಕೊಂಡಿತು.

ಉಗ್ರಪ್ಪನವರಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಕಳೆದ ಜೂನ್‌ನಲ್ಲಿ ಎರಡನೇ ಮಹಡಿಯ ಬಾಡಿಗೆದಾರ ಕಾಂತರಾಜು ಒಂದು ಕೈಯಲ್ಲಿ ಗ್ಯಾಸ್ ಸಿಲಿಂಡರ್, ಇನ್ನೊಂದು ಕೈಯಲ್ಲಿ ನಿದ್ದೆಹೋದ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದದ್ದು ಯಾಕೋ ಕಣ್ಣಮುಂದೆ ಬಂತು. ಅವತ್ತು ತಾವು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದದ್ದೂ ನೆನಪಾಗಿ ನಾಚಿಕೆಯಾಯಿತು.

"ನಿಧಾನಕ್ಕೆ ನೋಡ್ಕೊಳಪ್ಪ," ಎಂದರು ಮೆಲ್ಲಗೆ. "ಅರ್ಜೆಂಟಿಲ್ಲ."

"ಅರ್ಜೆಂಟಿದೆ!" ಎಂದರು ವಿಮಲಮ್ಮ. ಗಡಿಯಾರದಲ್ಲಿ ಎರಡೂ ಮೂವತ್ತೈದು.

ದೋಣಿಯವನು ಎಂಜಿನ್ ಚಾಲೂ ಮಾಡಿ ಬಿಸಿಮಾಡತೊಡಗಿದ. ಉಳಿದ ಹತ್ತು ಪ್ರವಾಸಿಗರು ಹೊರಡುವ ಮಾತೇ ಆಡಲಿಲ್ಲ, ಕ್ರಿಕೆಟ್ಟಿನ ಕೊನೆಯ ಓವರ್ ನೋಡುವವರಂತೆ ಉಸಿರು ಬಿಗಿಹಿಡಿದು ಕೂತಿದ್ದರು. ಶಿವಾನಿ ಮೂರನೇ ಶಂಖವನ್ನು ಬೆರಳ ತುದಿಯಿಂದ ಒಂದಿಷ್ಟೇ ಹತ್ತಿರಕ್ಕೆ ಸರಿಸಿದಳು. ಕಂದು ಬಣ್ಣದ್ದು, ಅಗಲ ಬಾಯಿಯದು, ನುಣುಪಾದದ್ದು.

ಎರಡೂ ನಲವತ್ತೈದಕ್ಕೆ ಏಡಿ ಮತ್ತೆ ಹೊರಬಂತು. ಅಳೆಯಿತು. ತಟ್ಟಿತು. ಒಳಗಿದ್ದ ಮರಳನ್ನು ಕೊಂಡಿಯಿಂದ ಗೋರಿ ಹೊರಹಾಕಿತು. ಮನೆ ಗುಡಿಸುತ್ತಿದೆ! ಗುಡಿಸುತ್ತಿದೆ ಅಂದರೆ ಒಪ್ಪಿದೆ ಎಂದೇ ಅರ್ಥ, ಅಷ್ಟು ಅನುಭವ ಉಗ್ರಪ್ಪನವರಿಗಿತ್ತು. ಚೊಂಬಿನಿಂದ ಮೈ ಬಿಡಿಸಿಕೊಂಡು, ಒಂದು ಮಗ್ಗುಲಾಗಿ ಹಾರಿ, ಹೊಸ ಶಂಖದೊಳಗೆ ಇಳಿಯಿತು. ಒಮ್ಮೆ ಅಲ್ಲಾಡಿತು. ಎದ್ದು ನಿಂತಿತು. ಚೊಂಬಿನ ಕಡೆ ತಿರುಗಿಯೂ ನೋಡದೆ ದಿಬ್ಬ ಹತ್ತಿ ಹೊರಟಿತು.

ಅದು ಮೂರು ಮಾರು ದೂರ ಹೋದ ಮೇಲೆ ಶಿವಾನಿ ಚೊಂಬನ್ನು ಎತ್ತಿ, ಉಳಿದ ಬಾಳೆಹಣ್ಣು ಕೆರೆದು ಚೀಲಕ್ಕೆ ಹಾಕಿ, ಕುಂಕುಮ ಒರೆಸಿ ಅವರ ಕೈಗಿಟ್ಟಳು. ಉಗ್ರಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡರು. ಅತ್ತರೋ ನಕ್ಕರೋ ಅವರಿಗೇ ತಿಳಿಯಲಿಲ್ಲ. ಹತ್ತು ಜನ ಚಪ್ಪಾಳೆ ತಟ್ಟಿದರು. ತಪ್ಪೊಪ್ಪಿಗೆ ಬರೆಯಲು ಶಿವಾನಿ ಪುಸ್ತಕ ಚಾಚಿದಾಗ, "ಎಷ್ಟು ಪುಟ ಬೇಕಾದ್ರೂ ಬರೀತೀನಿ ತಾಯಿ," ಎಂದು ದೋಣಿಯ ಅಂಚಿನ ಮೇಲೆ ಕೂತೇ ಬರೆದುಕೊಟ್ಟರು.

ದೋಣಿ ನಡುನೀರಿಗೆ ಬಂದ ಮೇಲೆ ವಿಮಲಮ್ಮ ಕೇಳಿದರು: "ರೀ, ನೀರು?"

"ಯಾವ್ ನೀರೇ?"

"ಗಂಗೆ."

"ನಮ್ ಬೋರ್‌ವೆಲ್‌ಗೆ ಏನಾಗಿದೆ? ಅಮೃತದಂಗಿದೆ!" ಎಂದರು ಉಗ್ರಪ್ಪನವರು. ಮಲ್ಲತ್ತಹಳ್ಳಿ ಮುಟ್ಟುವವರೆಗೆ ಚೊಂಬನ್ನು ಮಡಿಲಿನಿಂದ ಕೆಳಗಿಡಲಿಲ್ಲ. ವಿಮಾನದಲ್ಲಿ ಕಾಫಿ ಕೊಡಲು ಬಂದ ಹುಡುಗಿಗೂ, ಕೈ ಖಾಲಿಯಿಲ್ಲ ಎಂದರು.

ಭಾನುವಾರ ಸಂಜೆ ಅವ್ವ ಟಿವಿ ಮುಂದೆ ಕೂತ ಹೊತ್ತಿಗೆ ಚೊಂಬು ಹಳದಿ ಬಟ್ಟೆಯೊಳಕ್ಕೆ, ಲೋಟ ಅಡುಗೆಮನೆಗೆ, ಬೀಗದ ಕೈ ದಿಂಬಿನ ಕೆಳಕ್ಕೆ ಸೇರಿದವು. ಉಗ್ರಪ್ಪನವರು ನಾಲ್ಕು ದಿನದ ನಿದ್ದೆಯನ್ನು ಒಟ್ಟಿಗೆ ಮಾಡಿದರು.

ಸೋಮವಾರ ಬೆಳಿಗ್ಗೆ ಮಹಡಿಮೆಟ್ಟಿಲ ಬಳಿಯ ಎಳೆಬಿಸಿಲಿನಲ್ಲಿ ಚಿಕ್ಕಗಂಗಮ್ಮ ಹುಣಸೆಹಣ್ಣಿನ ಬಟ್ಟಲಿಟ್ಟುಕೊಂಡು ಕೂತಿದ್ದರು. ಚೊಂಬನ್ನು ಹೊರಗೆ ತೆಗೆದರು. ತಿರುಗಿಸಿದರು. ಒಳಗೆ ಬೆರಳಾಡಿಸಿದರು. ಮೂಸಿ ನೋಡಿದರು.

"ಉಗ್ರಾ! ಬಾ ಇಲ್ಲಿ."

ಉಗ್ರಪ್ಪನವರು ಬಂದು ಏಳನೇ ಕ್ಲಾಸಿನ ಹುಡುಗನಂತೆ ಕೈಕಟ್ಟಿ ನಿಂತರು.

"ಮೀನ್ ವಾಸ್ನೆ ಯಾಕೋ ಹೊಡೀತಿದೆ? ಒಳಗೆಲ್ಲಾ ಪರಚಿದಂಗಿದೆ. ಮರಳು ಬೇರೆ."

ಸುಳ್ಳು ಹೇಳಲು ಬಾಯಿ ತೆರೆದರು. ಬಂದದ್ದು ಮಾತ್ರ ನಿಜ. ಬೀಗದ ಕೈಯಿಂದ ಹಿಡಿದು ತಪ್ಪೊಪ್ಪಿಗೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿ, ತಲೆ ತಗ್ಗಿಸಿ ಕಾದರು. ಬಾಗಿಲ ಹಿಂದೆ ವಿಮಲಮ್ಮನೂ ಕಾದರು.

ಚಿಕ್ಕಗಂಗಮ್ಮ ಸಿಟ್ಟಾಗಲಿಲ್ಲ. ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಕೇಳತೊಡಗಿದರು.

"ಕುಂಕುಮ ಇಟ್ಟು ಕೈಮುಗಿದ್ಯಾ?"

"ಹ್ಞೂಂ ಅವ್ವ."

"ಗಂಗಮ್ಮ ಬಾರಮ್ಮ ಅಂದ್ಯಾ?"

"ಅಂದೆ ಅವ್ವ."

"ಆಮೇಲೆ ಅದು ತಾನಾಗೇ ಬಂತಾ?"

"ತಾನಾಗೇ. ನೀರಿನ ಕಡೆಯಿಂದ್ಲೇ ಬಂದಿರ್ಬೇಕು."

"ಚೊಂಬೊಳಗೆ ಕೂತ್ಕೊಂತಾ? ನೈವೇದ್ಯಾನೂ ತಿಂತಾ?"

"ಮುಕ್ಕಾಲು ಭಾಗ ತಿಂದಿತ್ತು." ಬೈಗುಳ ಬರಲಿಲ್ಲವೆಂಬ ನಿರಾಳಕ್ಕೆ ಉಗ್ರಪ್ಪನವರ ಮೈ ಹಗುರಾಗಿ, ಹೋಗಿದ್ದ ದನಿಯೂ ವಾಪಸು ಬಂತು. "ಜಪ್ಪಯ್ಯ ಅಂದ್ರೂ ಹೊರಗೆ ಬರ್ಲಿಲ್ಲ ಅವ್ವ! ಒಂದೂಕಾಲು ಗಂಟೆ! ಆದ್ರೆ ನಾನ್ ಬಿಡ್ತೀನಾ? ಬೇರೆ ಮನೆ ತೋರಿಸಿ, ಕಳಿಸೇ ಬಂದೆ!"

ಚಿಕ್ಕಗಂಗಮ್ಮ ಹುಣಸೆಹಣ್ಣಿನ ಕೈಯಲ್ಲೇ ಹಣೆ ಚಚ್ಚಿಕೊಂಡರು.

"ಅರವತ್ತು ವರ್ಷ ಆಯ್ತು ಕಣೋ, ನಾನು ಈ ಚೊಂಬಿಟ್ಕೊಂಡು, ಬಾ ತಾಯಿ, ಬಂದು ಒಳಗೆ ಕೂತ್ಕೊಳಮ್ಮ ಅಂತ ಕರೀತಾ. ಒಂದೇ ಒಂದು ಸಲ ಬಂದು ಕೂತ್ಲು. ಅವಳ ಕೈಲೂ ಮನೆ ಖಾಲಿ ಮಾಡ್ಸ್ಕೊಂಡು ಬಂದ್ಯಲ್ಲೋ, ಓನರ್ರೇ!"